ನಾನು ಬರೆಯದೆ ಬಿಟ್ಟ ಒಂದು ಸಾಲು

ಹೋದ ತಿಂಗಳು ಹೊಸಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕದದ ಕೀಲು ಕೊಳ್ಳಲು ನಿಂತಿದ್ದೆ. ಒಳಗೆ ಯಾರೋ ಅಗಸೆ ಎಣ್ಣೆಯ ಡಬ್ಬಿ ಕೆಡವಿದರು. ಆ ವಾಸನೆ, ಅದರ ಜೊತೆಗೆ ಎಲ್ಲಿಂದಲೋ ಬಂದ ಸೀಮೆಎಣ್ಣೆಯ ಘಾಟು... ಅಂಗಡಿಯವನು ಎರಡು ಸಲ ಕೇಳಿದನಂತೆ, "ಎಷ್ಟು ಇಂಚಿಂದು ಬೇಕ್ರಿ ಅಮ್ಮಾ?" ಅಂತ. ನನಗೆ ಕೇಳಿಸಿರಲಿಲ್ಲ. ನಾನಾಗಲೇ ಬಳ್ಳಾರಿಯ ಕೌಲ್ ಬಜಾರಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ಪಕ್ಕದಂಗಡಿಯ ಚಾಚಾ ತುಕ್ಕು ಹಿಡಿದ ಉಳಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿಡಿಗಳಿಗೆ ಅಗಸೆ ಎಣ್ಣೆ ಸವರುತ್ತ ಕೂತಿದ್ದರು.

ಅದು ಗಣಿಯ ದುಡ್ಡು ಊರಿನ ಮೇಲೆ ಸುರಿಯುತ್ತಿದ್ದ ಕಾಲ. ನಾನು ಬಿ.ಕಾಂ. ಮುಗಿಸಿ ಮೂರು ಕಂಪ್ಯೂಟರುಗಳ ಒಂದು ಸೈಬರ್ ಸೆಂಟರ್ ಇಟ್ಟಿದ್ದೆ. ಬೆಳಿಗ್ಗೆ ಒರೆಸಿದ ಕೀಬೋರ್ಡು ಮಧ್ಯಾಹ್ನದ ಹೊತ್ತಿಗೆ ಅದಿರಿನ ಧೂಳಿನಿಂದ ಕೆಂಪಗಾಗುತ್ತಿತ್ತು. ಪಕ್ಕದಲ್ಲೇ ಚಾಚಾನ ಬಡಗಿ ಅಂಗಡಿ. ಓಣಿಗೆಲ್ಲ ಅವರು ಚಾಚಾ, ನನಗೂ ಚಾಚಾ. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಒಂದು ಕಣ್ಣು ಮುಚ್ಚಿ ಹಲಗೆಯ ಅಂಚನ್ನು ನೋಡಿದರೆಂದರೆ ಎಲ್ಲಿ ಎಳ್ಳಷ್ಟು ಸೊಟ್ಟಗಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು.

ಆಗ ಸಿರುಗುಪ್ಪ, ಕುರುಗೋಡು ಕಡೆಯ ಎಷ್ಟೋ ಬಡಗಿಗಳು ಕಸುಬು ಬಿಟ್ಟು ಟಿಪ್ಪರ್ ಓಡಿಸಲು ಹೋದರು. ಹೊಸ ಬಂಗಲೆಗಳಿಗೆ ರೆಡಿಮೇಡ್ ಬಾಗಿಲುಗಳೇ ಬರುತ್ತಿದ್ದವು. ಅಜ್ಜನ ಕಾಲದ ಉಳಿ, ಬೈರಿಗೆ, ಗರಗಸಗಳು, ಮರ ನುಣುಪು ಮಾಡುವ ರಂದಾಗಳು ಎಲ್ಲ ತೂಕದ ಮೇಲೆ ಗುಜರಿಗೆ ಬೀಳುತ್ತಿದ್ದವು. ಚಾಚಾಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬಸ್ಸು ಹತ್ತಿ ಹೋಗಿ, ಗುಜರಿಯವನಿಗಿಂತ ಮೊದಲು ಮನೆಮನೆ ಮುಟ್ಟಿ, ಸಿರುಗುಪ್ಪದ ಕಡೆ ತೆಲುಗಿನಲ್ಲಿ, ಕುರುಗೋಡಿನಲ್ಲಿ ಕನ್ನಡದಲ್ಲಿ ಮಾತಾಡಿ, ಒಂದೊಂದಾಗಿ ಕೊಂಡು ತರುತ್ತಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾದಾಗ ಒಂದು ದಿನ ನನ್ನ ಬಾಗಿಲಲ್ಲಿ ಬಂದು ನಿಂತರು.

"ಬೇಟಿ, ನಿನ್ನ ಕಂಪ್ಯೂಟರ್‌ನಾಗ ಇವನ್ನ ಮಾರಾಕ ಬರ್ತೈತೇನು?"

"ಹಳೇವು ಯಾರು ತಗೊಂತಾರ ಚಾಚಾ?"

"ಕೆಲಸ ಗೊತ್ತಿದ್ದೋರು ತಗೊಂತಾರ. ಈ ಊರಾಗ ಇಲ್ಲ ಅಷ್ಟ. ಎಲ್ಲೋ ಅದಾರ, ನೀ ಹುಡುಕಿ ಕೊಡು."

ಹಳೆಯ ಸಾಮಾನು ಮಾರುವವರು ಜಾಹೀರಾತು ಹಾಕುವ ಒಂದು ವೆಬ್‌ಸೈಟು ನನಗೆ ಗೊತ್ತಿತ್ತು. ನಾನು ಫೋಟೊ ತೆಗೆದು, ನನ್ನ ಮೊಬೈಲ್ ನಂಬರ್ ಕೊಟ್ಟು ಹಾಕಿದೆ. ಚಾಚಾ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅವರದೊಂದೇ ಕಟ್ಟಳೆ: "ಮೊದ್ಲ ಊನ ಬರಿ. ಗುಣ ಆಮ್ಯಾಲ." ಹಿಡಿ ಸೀಳಿದೆ, ಒಂದು ಹಲ್ಲು ಮುರಿದಿದೆ, ಅಲಗು ಸವೆದಿದೆ... ಇದನ್ನೆಲ್ಲ ಓದಿ ಯಾರು ಕೊಂಡಾರು ಅಂದುಕೊಂಡಿದ್ದೆ. ಕೊಂಡರು! ಬೆಳಗಾವಿಯಿಂದ, ಪುಣೆಯಿಂದ, ಕೊಯಮತ್ತೂರಿನಿಂದ ಫೋನು ಬಂದವು. ಗೋಣಿತಾಟಿನಲ್ಲಿ ಸುತ್ತಿದ ಪಾರ್ಸೆಲ್ಲುಗಳನ್ನು ನಾವಿಬ್ಬರೂ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೊತ್ತು ಹಾಕುತ್ತಿದ್ದೆವು.

ಸಿರುಗುಪ್ಪದಿಂದ ತಂದ ಒಂದು ಎರಕದ ಕಬ್ಬಿಣದ ರಂದಾ ಮಾತ್ರ ಎರಡು ತಿಂಗಳಾದರೂ ಹೋಗಲಿಲ್ಲ. ಅದಕ್ಕೆ ಚಾಚಾ ಬರೆಸಿದ್ದ ಸಾಲು ಹೀಗಿತ್ತು: ಅಲಗು ಹೊರಬರುವ ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕಿದೆ, ಮೆತ್ತನೆಯ ಮರಕ್ಕೆ ನಡೆಯುತ್ತದೆ, ಗಟ್ಟಿ ಮರಕ್ಕೆ ಬೇಡ. ಊರಲ್ಲೆಲ್ಲ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾರಾಟವಾಗುತ್ತಿದ್ದ ಕಾಲ. ನನಗೂ ಆ ಅವಸರ ಅಂಟಿತ್ತೋ ಏನೋ... ಒಂದು ಮಧ್ಯಾಹ್ನ ಆ ಸಾಲನ್ನು ಅಳಿಸಿ ಹೊಸದಾಗಿ ಜಾಹೀರಾತು ಹಾಕಿದೆ. ಬಿರುಕು ಕಣ್ಣಿಗೇ ಕಾಣುವುದಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಾಲ್ಕೇ ದಿನಕ್ಕೆ ಧಾರವಾಡದಿಂದ ಒಬ್ಬ ಹೆಣ್ಣುಮಗಳು ಕೊಂಡಳು. ಚಾಚಾ ಖುಷಿಪಟ್ಟರು, ಸಾಲು ಅಳಿಸಿದ್ದನ್ನು ನಾನು ಅವರಿಂದ ಮುಚ್ಚಿಟ್ಟೆ.

ಇಪ್ಪತ್ತು ದಿನಗಳ ಮೇಲೆ ಅವಳ ಫೋನು ಬಂತು. ಗಟ್ಟಿ ಮರದ ಮೇಲೆ ತಳ್ಳುವಾಗ ರಂದಾ ಎರಡು ಹೋಳಾಗಿ, ಅಂಗೈ ಸೀಳಿ ಆರು ಹೊಲಿಗೆ ಬಿದ್ದಿವೆ ಎಂದಳು. ಬೈಯಲಿಲ್ಲ. "ಬಿರುಕು ಇರೋದು ನಿಮಗ ಗೊತ್ತಿತ್ತೇನ್ರಿ?" ಅಂತ ಮಾತ್ರ ಕೇಳಿದಳು.

ಅಳುತ್ತಲೇ ಹೋಗಿ ಚಾಚಾನ ಮುಂದೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು.

"ನಾ ಹೇಳಿದ್ದು ನೀ ಅಳಿಸಿದಿ?"

"ಹೂಂ ಚಾಚಾ."

"ನಾಳೆ ಮುಂಜಾನಿ ರೈಲಿಗೆ ಹೋಗೂಣು. ನೀನೂ ಬರ್ಬೇಕು."

ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಧಾರವಾಡದಲ್ಲಿ ಆ ಹೆಣ್ಣುಮಗಳು ತೀರಿಹೋದ ತಂದೆಯ ಬಡಗಿ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ನಲವತ್ತರ ಆಸುಪಾಸು, ಬಲಗೈಗೆ ದಪ್ಪ ಬ್ಯಾಂಡೇಜು. ನಾವು ಬಳ್ಳಾರಿಯವರು ಅಂದಾಗ ನಂಬದವಳಂತೆ ಎದ್ದು ನಿಂತಳು. ಚಾಚಾ ಕೈಮುಗಿದು, "ತಪ್ಪು ನಮ್ದು ಐತಿ ತಂಗಿ" ಅಂದರು. ನಾನು ತಡೆದೆ. "ಅವರದಲ್ರಿ. ಅವರು ಬಿರುಕು ಐತಿ ಅಂತ ಬರೆಸಿದ್ರು. ಅಳಿಸಿದಾಕಿ ನಾನು."

ಅವಳು ನನ್ನನ್ನೇ ನೋಡಿದಳು. "ಕೈ ಮಾಯ್ತೈತಿ ಬಿಡವ್ವಾ," ಅಂದಳು, "ಆದ್ರ ಶುಕ್ರವಾರಕ್ಕ ಹುಡುಗ್ಯಾರ ಹಾಸ್ಟೆಲ್ಲಿಗೆ ಪುಸ್ತಕದ ಕಪಾಟು ಕೊಡ್ತೀನಂತ ಮಾತು ಕೊಟ್ಟೀನಿ. ಹೆಣ್ಣು ಮಾಡೋ ಕೆಲಸ ಹಿಂಗ ಅಂತ ಆಡಿಕೊಳ್ಳಾಕ ಜನ ಕಾಯ್ತಾ ಅದಾರ." ಮೂಲೆಯಲ್ಲಿ ಅರ್ಧ ಕೊಯ್ದ ಹಲಗೆಗಳು ಗೋಡೆಗೆ ಒರಗಿದ್ದವು. ಅಂದು ಬುಧವಾರ.

ಚಾಚಾ ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ತಮ್ಮದೇ ರಂದಾ ತೆಗೆದರು, ಬೀಟೆ ಮರದ್ದು, ಅವರಿಗೆ ಕಸುಬು ಕಲಿಸಿದ ಉಸ್ತಾದರ ಕೈಯಿಂದ ಬಂದದ್ದು. ಅದನ್ನು ಅವರು ಬೇರೆಯವರಿಗೆ ಮುಟ್ಟಲೂ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ. "ಅಳತಿ ನೀ ಹೇಳು ತಂಗಿ, ಕೈ ನಂದು" ಅಂದರು.

ಎರಡು ದಿನ ಅವಳು ಹೇಳಿದಂತೆ ಚಾಚಾ ಕೆಲಸ ಮಾಡಿದರು. ಅವಳು ಗೆರೆ ಎಳೆದಲ್ಲಿ ಇವರು ಕೊಯ್ದರು. ಒಂದು ಕಡೆ ಹಲಗೆ ಕೂಡಿಸುವ ಬಗ್ಗೆ ಇಬ್ಬರಿಗೂ ವಾದವಾಯಿತು. ಕೊನೆಗೆ ಚಾಚಾ ಸೋತು, "ನಿಮ್ಮಪ್ಪ ಛಲೋ ಕಲಿಸ್ಯಾನ" ಅಂದರು. ನಾನು ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಬೆರಳು ಬೊಕ್ಕೆ ಮಾಡಿಕೊಂಡೆ. ಶುಕ್ರವಾರ ಬೆಳಿಗ್ಗೆ ಕಪಾಟು ಹಾಸ್ಟೆಲ್ಲಿಗೆ ಹೋಯಿತು. ಅಲ್ಲಿನ ಮೇಲ್ವಿಚಾರಕಿ ಮಾಡಿದವರು ಯಾರು ಅಂತ ಕೇಳಿದಾಗ ಚಾಚಾ ಆ ಹೆಣ್ಣುಮಗಳ ಕಡೆ ಕೈ ತೋರಿಸಿ, "ಇವ್ರು ರೀ. ನಾವು ಆಳು" ಅಂದರು.

ಹೊರಡುವಾಗ ಬೀಟೆ ಮರದ ರಂದಾವನ್ನು ಅವಳ ಮೇಜಿನ ಮೇಲೇ ಬಿಟ್ಟರು. ಅವಳು ಬೇಡವೆಂದಳು. "ಮುರಿದದ್ದಕ್ಕ ಬದಲಿ ಕೊಡ್ಬೇಕಲ್ಲ. ಇದರ ಬಾಯಿ ನಾ ನೋಡೀನಿ, ಬಿರುಕಿಲ್ಲ" ಅಂದರು, ಮೊದಲ ಸಲ ನಗುತ್ತ.

ಬಳ್ಳಾರಿಗೆ ಮರಳಿ ಬಂದ ದಿನವೇ ನಾನು ಆ ವೆಬ್‌ಸೈಟಿನಲ್ಲಿ ನಡೆದದ್ದನ್ನೆಲ್ಲ ನನ್ನ ಹೆಸರು ಹಾಕಿಯೇ ಬರೆದೆ. ಇನ್ನು ಯಾರೂ ಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಚಾಚಾ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ, ಚಹಾದವನಿಗೂ ಸಹ, "ಈ ಹುಡುಗಿ ತನ್ನ ತಪ್ಪು ತಾನ ಬರದಾಳ ನೋಡ್ರಿ" ಅಂತ ಪದವಿ ಪಡೆದ ಮಗಳನ್ನು ತೋರಿಸಿದ ಹಾಗೆ ತೋರಿಸಿದರು. ನಾಚಿಕೆಯಿಂದ ಹೋಗಿ ಬಂದವಳು ನಾನು, ಆದರೆ ಆ ದಿನದಿಂದ ಓಣಿಯಲ್ಲಿ ತಲೆ ಎತ್ತಿಯೇ ನಡೆದೆ. ಜನ ಕೊಳ್ಳುವುದನ್ನೂ ನಿಲ್ಲಿಸಲಿಲ್ಲ. ಊನ ಹೇಳಿ ಮಾರುವ ಚಾಚಾ ಅಂತ ಹುಡುಕಿಕೊಂಡು ಫೋನು ಮಾಡತೊಡಗಿದರು.

ಮುಂದೆ ಗಣಿಗಳು ನಿಂತವು, ಟಿಪ್ಪರುಗಳು ಸಾಲುಗಟ್ಟಿ ನಿಂತಲ್ಲೇ ನಿಂತವು. ಕಸುಬು ಬಿಟ್ಟು ಹೋಗಿದ್ದವರು ಒಬ್ಬೊಬ್ಬರಾಗಿ ಚಾಚಾನ ಬಾಗಿಲಿಗೆ ಬಂದರು. ಚಾಚಾ ಯಾರಿಗೂ ಯಾಕೆ ಬಿಟ್ಟು ಹೋದೆ ಅಂತ ಕೇಳಲಿಲ್ಲ. "ಬರ್ರಿ, ಕೈಗೆ ಹೊಂದೋ ಉಳಿ, ಗರಗಸ ನೋಡ್ಕೊಳ್ರಿ" ಅನ್ನುತ್ತಿದ್ದರು. ಆಮೇಲೆ ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ಅವರು ಹೋದ ಸುದ್ದಿ ನನಗೆ ತಲುಪುವಾಗ ಎಂಟು ದಿನ ಕಳೆದಿತ್ತು. ಮಣ್ಣಿಗೂ ಹೋಗಲಾಗಲಿಲ್ಲ ನನಗೆ...

ಹಳೆಯ ಜಾಹೀರಾತುಗಳು ಇನ್ನೂ ಎಲ್ಲೋ ಉಳಿದಿರಬೇಕು. ವರ್ಷಕ್ಕೊಮ್ಮೆಯೋ ಎರಡು ಸಲವೋ ಗುರುತಿಲ್ಲದ ಫೋನು ಬರುತ್ತದೆ. ಆ ಅಗಸೆ ಎಣ್ಣೆ ಚೆಲ್ಲಿದ ವಾರವೇ ತೆಕ್ಕಲಕೋಟೆಯಿಂದ ಒಬ್ಬರು ಮಾಡಿದ್ದರು. "ಚಾಚಾ ಅದಾರೇನ್ರಿ?"

"ಇಲ್ರಿ. ಹೋಗಿ ಬಹಳ ವರ್ಷ ಆತು. ಏನಾರ ಬೇಕಿತ್ತೇನ್ರಿ?"

"ಏನೂ ಬ್ಯಾಡ್ರಿ. ಟಿಪ್ಪರ್ ಬಿಟ್ಟು ಬಂದಾಗ ಗರಗಸ ಕೊಟ್ಟಿದ್ರು. ನಿನ್ನೆ ನನ್ನ ಮನಿ ಬಾಗಿಲಾ ನಾನ ಮಾಡಿ ನಿಲ್ಲಿಸಿದೆ. ಅವ್ರಿಗೆ ಹೇಳೂಣು ಅಂತ ಮಾಡಿದ್ದೆ."