ಜಿಂಜ್‌ನ ಸ್ಪ್ರೂಸ್ ಮರ ಮತ್ತು ನನ್ನ ಸೇಡು

ಪಕ್ಕದ ಮನೆಯವರ ಬಲಗೈ ತೋರುಬೆರಳಿನ ಉಗುರಿನಡಿ ಯಾವಾಗಲೂ ಮಣ್ಣಿರುತ್ತಿತ್ತು. ಯಾರ ಮನೆಗೇ ಹೋಗಲಿ, ಚಪ್ಪಲಿ ಬಿಡುವ ಮೊದಲೇ ಬಾಗಿಲ ಬಳಿಯ ಕುಂಡದೊಳಗೆ ಆ ಬೆರಳನ್ನು ಎರಡು ಗೆಣ್ಣು ಇಳಿಸಿ, ಹೊರಗೆಳೆದು, ಮೂಸಿ, ತೀರ್ಪು ಕೊಡುತ್ತಿದ್ದರು. ತೀರ್ಪನ್ನು ಯಾರೂ ಕೇಳಿರುತ್ತಿರಲಿಲ್ಲ.

ಕುಂದಾಪುರ ಕಡೆಯವರು. ಇಲ್ಲಿ ಬಹರೇನಿನ ಟುಬ್ಲಿಯಲ್ಲಿ ಏಸಿ ರಿಪೇರಿಯ ವರ್ಕ್‌ಶಾಪ್ ಇತ್ತು. ಜಿಂಜ್‌ನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆ ಬಸಳೆ, ನುಗ್ಗೆ, ಮಲ್ಲಿಗೆ ಎಲ್ಲವೂ ನಾಚಿಕೆಯಿಲ್ಲದೆ ಬೆಳೆಯುತ್ತಿದ್ದವು. ಈಚೆ ಮರಳು ಮತ್ತು ನನ್ನ ಮಹತ್ವಾಕಾಂಕ್ಷೆ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಪ್ರಯತ್ನ ಮಾಡುತ್ತೇನೆ, ಭರವಸೆ ಕೊಡಲಾರೆ.

ಒಂದು ಡಿಸೆಂಬರಿನಲ್ಲಿ ನರ್ಸರಿಯಿಂದ ಆಳೆತ್ತರದ ಸ್ಪ್ರೂಸ್ ಒಂದನ್ನು, ಅಂದರೆ ಚಳಿದೇಶದ ಕ್ರಿಸ್‌ಮಸ್ ಮರವನ್ನು, ಕುಂಡದ ಸಮೇತ ತಂದೆ. ಬೆಳ್ಳಿಗೆ ನೀಲಿ ಬೆರೆಸಿದಂಥ ಬಣ್ಣ. ಸೀರೆ ಆರಿಸುವವರ ಹಾಗೆ ಬಣ್ಣ ಒಂದನ್ನೇ ನೋಡಿ ಆರಿಸಿದ್ದೆ. ಅದರ ಗೌರವಾರ್ಥ ಶುಕ್ರವಾರ ಹತ್ತು ಹನ್ನೆರಡು ಜನ ಕನ್ನಡಿಗರನ್ನು ಚಹಾಕ್ಕೆ ಕರೆದೆ. ಪಕ್ಕದ ಮನೆಯವರು ಬಂದರು, ಬೆರಳು ಇಳಿಸಿದರು, ಮೂಸಿದರು.

"ಇದು ಮರ ಅಲ್ಲ ಮಾರಾಯ್ರೆ, ಹೆಣ. ಅದಕ್ಕಿನ್ನೂ ಗೊತ್ತಾಗ್ಲಿಲ್ಲ, ಅಷ್ಟೆ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅದನ್ನು ನಾನು ಮರೆತಿಲ್ಲ. ಮಾರ್ಚಿನ ಹೊತ್ತಿಗೆ ಸೂಜಿಯೆಲೆಗಳು ಕಂದಿ, ಮುಟ್ಟಿದರೆ ಜರ್ರನೆ ಉದುರತೊಡಗಿದವು. ಕಿತ್ತು ನೋಡಿದರೆ ಬೇರೇ ಇಲ್ಲ. ಗರಗಸದಲ್ಲಿ ಕೊಯ್ದ ಕಾಂಡವನ್ನು ಮಣ್ಣಿಗೆ ಚುಚ್ಚಿ ಮಾರಿದ್ದರು. ಆ ಬೆರಳಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು. ಬಿಡಿಸಿ ಹೇಳಬಾರದಿತ್ತೇ ಎಂದರೆ, ಹೇಳಿದ್ದೆನಲ್ಲ ಎಂದರು. ಮರುದಿನ ಗೋಡೆಯ ಮೇಲಿಂದ ಇಣುಕಿ, ಬಹಳ ಗಂಭೀರವಾಗಿ, ಉತ್ತರಕ್ರಿಯೆ ಯಾವಾಗ ಎಂದು ವಿಚಾರಿಸಿ, ಪಾಯಸ ತಮ್ಮ ಮನೆಯಿಂದಲೇ ಬರಲಿ ಎಂದರು.

ಅಂದು ಶಪಥ ಮಾಡಿದೆ: ಬಹರೇನಿನ ಬೇಸಿಗೆ ದಾಟಿದ ಸ್ಪ್ರೂಸಿನ ಪಕ್ಕದಲ್ಲಿ, ಅದೇ ಜನರ ಎದುರು, ಈ ಮನುಷ್ಯನನ್ನು ಕೂರಿಸಿ ಸೋಲು ಒಪ್ಪಿಸಬೇಕು.

ಮುಂದಿನ ಚಳಿಗಾಲಕ್ಕೆ ನಾನು ಪಂಡಿತನಾಗಿದ್ದೆ. ನರ್ಸರಿಯವನ ಗೊಣಗಾಟಕ್ಕೆ ಕಿವಿಗೊಡದೆ ಗಿಡವನ್ನು ಕುಂಡದಿಂದ ಜಾರಿಸಿ, ಬಿಳಿ ಬೇರಿನ ತುದಿಗಳನ್ನು ಕಣ್ಣಾರೆ ಕಂಡೆ. ತೊಗಟೆ ಕೆರೆದು ಹಸಿರು ನೋಡಿದೆ. ಎತ್ತರದ ಆಸೆ ಬಿಟ್ಟು ಮೊಣಕಾಲುದ್ದದ ಕುಳ್ಳ ತಳಿ ಆರಿಸಿದೆ. ಉತ್ತರದ ಗೋಡೆಯ ನೆರಳಿನಲ್ಲಿಟ್ಟೆ. ನಲ್ಲಿ ನೀರಿನ ಉಪ್ಪು ಎಲೆಯ ತುದಿ ಸುಡುತ್ತದೆಂದು ತಿಳಿದು, ನಮ್ಮ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕಿದೆ. ಗೋಡೆಯಾಚೆಯವರು ನೋಡಿ, ಬೇಸಿಗೆ ಇನ್ನೂ ಬರಲಿಲ್ಲ ಇಂಜಿನಿಯರ್ರೆ ಎಂದಷ್ಟೇ ಹೇಳಿದರು.

ಜುಲೈಯಲ್ಲಿ ನಮ್ಮ ಎರಡು ತಿಂಗಳ ರಜೆ. ಇಲ್ಲಿ ಊರಿಗೆ ಹೊರಟವರು ಬೀಗದ ಕೈಯನ್ನು ಪಕ್ಕದ ಮನೆಗೆ ಕೊಡುವುದು, ಅವರು ಗಿಡಗಳಿಗೆ ನೀರು ಹಾಕುವುದು ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಆರು ವರ್ಷ ನಮ್ಮ ಕೀಲಿ ಅವರ ಮನೆಯ ಮೊಳೆಗೆ ನೇತುಬಿದ್ದಿತ್ತು. ಆ ವರ್ಷ ಮಾತ್ರ ನಾಟೂರ್‌ಗೆ, ಅಂದರೆ ಕಾವಲುಗಾರನಿಗೆ, ಕೀಲಿಯನ್ನೂ ಕುಡಿಯುವ ನೀರಿನ ಕ್ಯಾನುಗಳನ್ನೂ ಒಪ್ಪಿಸಿದೆ. ಹೊರಡುವಾಗ ಪಕ್ಕದ ಮನೆಯವರು ಎಂದಿನಂತೆ ಗೇಟಿಗೆ ಬಂದು ಕೀಲಿಗಾಗಿ ಕೈಚಾಚಿದರು. ನಾನು ಆ ಕೈ ಕುಲುಕಿ ಕಾರು ಹತ್ತಿದೆ. ಅಷ್ಟು ಸೊಗಸಾದ ಅವಮಾನವನ್ನು ನಾನು ಜೀವನದಲ್ಲಿ ಇನ್ಯಾರಿಗೂ ಮಾಡಿಲ್ಲ.

ಸೆಪ್ಟೆಂಬರಿನಲ್ಲಿ ಬಂದು ನೋಡಿದರೆ ಸ್ಪ್ರೂಸ್ ಹಸಿರಾಗಿ ನಿಂತಿದೆ. ಅದೇ ಜನರನ್ನು ಕರೆದೆ. ಪಕ್ಕದ ಮನೆಯವರನ್ನು ಗಿಡದ ಬದಿಯ ಕುರ್ಚಿಯಲ್ಲಿ ಕೂರಿಸಿ, ಚಿಕ್ಕದೊಂದು ಭಾಷಣವನ್ನೂ ಬಿಗಿದೆ. ಪಾಪದವರು ತಲೆ ತಗ್ಗಿಸಿ ಕೇಳಿದರು. ಕೊನೆಗೆ, "ಸೋತೆ ಮಾರಾಯ್ರೆ, ಕೈಮುಗಿದೆ," ಎಂದರು. ನನಗೆ ಎರಡು ಸಲ ಬಡ್ತಿ ಸಿಕ್ಕಿದೆ. ಎರಡಕ್ಕೂ ಆ ಸಂಜೆಯ ರುಚಿ ಇರಲಿಲ್ಲ.

ಫೆಬ್ರವರಿಯಲ್ಲಿ ಅವರು ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ಬಿಚ್ಚುತ್ತಿದ್ದಲ್ಲೇ ಕುಸಿದರು. ಆಸ್ಪತ್ರೆ ತಲುಪಲಿಲ್ಲ. ದೇಹ ವಿಮಾನದಲ್ಲಿ ಮಂಗಳೂರಿಗೆ ಹೋಯಿತು. ಕ್ರಿಯೆಗಳು ಮುಗಿದ ಮೇಲೆ ಮನೆ ಖಾಲಿ ಮಾಡಲು ಬಂದ ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಸುರುಳಿ ಸುತ್ತಿದ ತೆಳ್ಳನೆಯ ಪೈಪೊಂದನ್ನು ನನ್ನ ಕೈಗಿಟ್ಟರು.

"ಇದು ನಿಮ್ಮ ಮರದ್ದು."

ನನಗೆ ಅರ್ಥವಾಗಲಿಲ್ಲ. ನಾಟೂರ್ ನಾವು ಹೋದ ವಾರಕ್ಕೇ ತನ್ನ ಊರಿಗೆ ಹೋಗಿದ್ದನಂತೆ. ಅಕ್ಕನ ಯಜಮಾನರೇ ತಮ್ಮ ಬೆಡ್‌ರೂಮಿನ ಏಸಿಗೆ ಈ ಪೈಪ್ ಜೋಡಿಸಿ, ಗೋಡೆ ದಾಟಿಸಿ, ನನ್ನ ಕುಂಡಕ್ಕೆ ಬಿಟ್ಟರಂತೆ. ನೀರು ಸಾಲದೆಂದು ಹಗಲೆಲ್ಲ ಖಾಲಿ ರೂಮಿಗೆ ಏಸಿ ಹಾಕಿಟ್ಟು ಕೆಲಸಕ್ಕೆ ಹೋಗುತ್ತಿದ್ದರಂತೆ. ಬಿಸಿಗಾಳಿಗೆ ಅಡ್ಡ ಕಟ್ಟಿ ಅಕ್ಕನ ಎರಡು ಒಳ್ಳೆಯ ಚಾದರ ಹಾಳಾದವಂತೆ. ನಾವು ಬರುವ ಮುನ್ನಾದಿನ ಎಲ್ಲವನ್ನೂ ಬಿಚ್ಚಿಟ್ಟರಂತೆ.

ಹಾಗಾದರೆ ಆ ಸಂಜೆ ಸೋತೆ ಎಂದದ್ದು ಯಾಕೆ ಎಂದು ಕೇಳಿದೆ.

ಅಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. "ನಿಮ್ಮ ಭಾಷಣ ಕೇಳಿ ಮನೆಗೆ ಬಂದ ಇವರು ಆ ದಿನ ಊಟವನ್ನೇ ಮಾಡ್ಲಿಲ್ಲ ಅಣ್ಣ. ಸೋಫಾದಲ್ಲಿ ಬಿದ್ದು ನಗಾಡಿದ್ದೇ ನಗಾಡಿದ್ದು. ಮರ ಸತ್ರೆ ಇಂಜಿನಿಯರ್ ಮಾತು ಬಿಡ್ತಾರೆ, ಬದುಕಿದ್ರೆ ಜಗಳಕ್ಕಾದ್ರೂ ಬರ್ತಾರೆ ಅಂತಿದ್ರು."

ಎದುರಾಳಿಗೆ ಗೆಲುವನ್ನು ದಾನ ಕೊಟ್ಟು, ಒಂದು ಮಾತೂ ಹೇಳದೆ, ಉತ್ತರ ಕೊಡಲಾಗದ ಜಾಗಕ್ಕೆ ಎದ್ದುಹೋಗುವುದು ಯಾವ ಯುದ್ಧನೀತಿಯೋ ನನಗೆ ತಿಳಿಯದು. ಇದನ್ನು ಕ್ಷಮಿಸುವ ಉದ್ದೇಶವೂ ಇಲ್ಲ.

ಈ ಜುಲೈಯಲ್ಲಿ ಹೆಂಡತಿ ಮಕ್ಕಳು ದಾವಣಗೆರೆಗೆ ಹೋಗಿದ್ದಾರೆ. ನಾನು ಹೋಗಿಲ್ಲ. ಹೊರಗೆ ಬೆಂಕಿ ಸುರಿಯುತ್ತಿದೆ. ಬೆಡ್‌ರೂಮಿನಲ್ಲಿ ಯಾರೂ ಇಲ್ಲದಿದ್ದರೂ ಏಸಿ ಓಡುತ್ತಿದೆ. ಮರ ಸತ್ತರೆ ಅವರು ಗೆದ್ದರು. ಬದುಕಿದರೆ ಅದು ಅವರು ಬದುಕಿಸಿದ ಮರ, ಆಗಲೂ ಅವರೇ ಗೆದ್ದರು. ನಾನು ಎರಡನೆಯ ಸೋಲನ್ನು ಆರಿಸಿಕೊಂಡಿದ್ದೇನೆ.