ಉಪ್ಪಿನ ಡಬ್ಬಿ ಕೆಳಗಿನ ಪದ

ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಬಯ್ಯುವುದು ಬರುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಮನೆ ಕಡೆ ತಲೆ ಹಾಕಿದವನಲ್ಲ. ಹಾಲಿನವ, ಮೇಲಿನ ಮನೆಯವರು, ಅಪ್ಪನ ಅಕ್ಕ, ತೊಟ್ಟಿಕ್ಕುವ ನಲ್ಲಿ, ಒಬ್ಬೊಬ್ಬರಿಗೂ ಅವಳ ಬಳಿ ಬೇರೆ ಬೇರೆ ಮಾತಿತ್ತು. ಆ ಭಂಡಾರಕ್ಕೆ ಇಂಗ್ಲಿಷ್ ಪದಗಳನ್ನು ತಂದು ಸುರಿದವಳು ನಮ್ಮ ಅತ್ತಿಗೆ. ಪಾಪ, ಅವಳ ಉದ್ದೇಶ ಅದಾಗಿರಲಿಲ್ಲ.

ಅತ್ತಿಗೆಗೆ ಬೇಕಾಗಿದ್ದದ್ದು ಗುಮಾಸ್ತೆಯ ಸರ್ಕಾರಿ ಕೆಲಸ. ನಿಜ ಹೇಳಬೇಕೆಂದರೆ ಕೆಲಸಕ್ಕಿಂತ ಮೇಜು. "ನಂದೇ ಒಂದು ಮೇಜು, ಅದಕ್ಕೊಂದು ಡ್ರಾಯರು, ಅದರ ಬೀಗದ ಕೈ ನನ್ನ ಹತ್ರ. ಅಲ್ಲಿಗೆ ಬಂದು ಯಾರೂ ಚಾಕು ಎಲ್ಲಿಟ್ಟೆ ಅಂತ ಕೇಳಬಾರದು" ಎನ್ನುತ್ತಿದ್ದಳು. ಲೆಕ್ಕ, ಸಾಮಾನ್ಯ ಜ್ಞಾನ ಎಲ್ಲದರಲ್ಲೂ ಮುಂದಿದ್ದವಳು ಪರೀಕ್ಷೆ ಬರೆದ ಎರಡು ಸಲವೂ ಇಂಗ್ಲಿಷಿನಲ್ಲಿ ಮುಳುಗಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಇದೇ ಕೊನೆಯ ಸಲ. ಆಗದಿದ್ದರೆ ಗಡಿಯಾರ ರಿಪೇರಿ ಅಂಗಡಿಯಲ್ಲಿ ತನ್ನ ಪಕ್ಕ ಕೂರಬೇಕೆಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ. ಅಂಗಡಿಯೆಂದರೆ ಎರಡು ಸ್ಟೂಲು, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ತನ್ನ ಸಾಹಸ ಹೇಳುವ ಅಪ್ಪ. ಆ ಶಿಕ್ಷೆ ತಪ್ಪಿಸಿಕೊಳ್ಳಲೆಂದೇ ಅಣ್ಣ ಬಸ್ ಕಂಡಕ್ಟರ್ ಆದದ್ದು.

ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ, ಗೊತ್ತಿಲ್ಲದ ಪದಕ್ಕೆ ಗುರುತು ಹಾಕಿ ಎಂದು ಕೋಚಿಂಗ್ ಮೇಷ್ಟರು ಅತ್ತಿಗೆಗೆ ಹೇಳಿದ್ದರು. ನಮ್ಮ ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಅಪ್ಪ ಅದನ್ನು ತರಿಸುತ್ತಿದ್ದದ್ದು ಓದಲಿಕ್ಕಲ್ಲ, ಅಂಗಡಿಯ ಗಾಜಿನ ಪೆಟ್ಟಿಗೆ ಮೇಲೆ ಕಾಣಲಿಕ್ಕೆ. ಸಂಜೆ ಅಪ್ಪನ ಕಂಕುಳಲ್ಲಿ ಮನೆಗೆ ವಾಪಸು ಬರುವ ಹೊತ್ತಿಗೆ ಅದು ಅಮ್ಮನ ಕಾನೂನಿನ ಪ್ರಕಾರ ಹಳೇ ಪೇಪರು. ಹಳೇ ಪೇಪರಿನ ಜಾಗ ಅಡುಗೆಮನೆಯ ಕಪಾಟು, ಡಬ್ಬಿಗಳ ಕೆಳಗೆ.

ಅತ್ತಿಗೆ ಜಗಳವಾಡಲಿಲ್ಲ. ಸಂಪಾದಕೀಯದ ಹಾಳೆಯನ್ನೇ ಆರಿಸಿ, ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕನ್ನಡದ ಅರ್ಥ ಬರೆದು, ತಾನೇ ಕಪಾಟಿಗೆ ಹಾಸತೊಡಗಿದಳು. ಪುಸ್ತಕ ಹಿಡಿದು ಕೂರಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಒಲೆ ಮುಂದೆ ನಿಂತು, ಹಾಲು ಉಕ್ಕುವ ತನಕ ಒಂದು ಡಬ್ಬಿ ಎತ್ತಿ ನೋಡುವಳು, ಇಡುವಳು, ಇನ್ನೊಂದು ಎತ್ತುವಳು. ಯಾವ ಡಬ್ಬಿ ಕೆಳಗೆ ಯಾವ ಪದ ಎಂಬುದರ ಮೇಲೆಯೇ ಅವಳ ನೆನಪು ನಿಂತಿತ್ತು.

ಇದನ್ನು ಅಮ್ಮ ಒಂದು ವಾರ ಸಹಿಸಿದಳು. "ನನ್ನ ಅಡುಗೆಮನೇಲಿ ಬಂದು ಕೂತವರು ಯಾರು ಅಂತ ನನಗೆ ಗೊತ್ತಾಗಬೇಕು. ಸಕ್ಕರೆ ಡಬ್ಬಿ ಕೆಳಗಿರೋದು ಏನೇ ಅದು?"

"ಸ್ಟೇಟಸ್ ಕೋ ಅಂತ ಅತ್ತೆ. ಇದ್ದದ್ದು ಇದ್ದ ಹಾಗೇ ಇರೋದು."

"ಓ, ನಿನ್ನ ಗಂಡ" ಎಂದಳು ಅಮ್ಮ.

ಅಲ್ಲಿಂದ ಶುರುವಾಯಿತು ನಮ್ಮ ವನವಾಸ. ಹಿಡಿದ ಹಟ ಬಿಡದ ಇನ್‌ಟ್ರಾನ್ಸಿಜೆಂಟ್ ಅಪ್ಪನ ಪಾಲಿಗೆ ಬಂತು. ಬರೀ ಮಾತಿನ ಮಂಟಪ ಕಟ್ಟುವ ರೆಟರಿಕ್, ಅಮ್ಮನ ಸ್ವಂತ ತಮ್ಮ, ಅಂದರೆ ನನ್ನ ಸೋದರಮಾವನಿಗೆ. ಮೇಲಿನ ಮನೆಯವರ ಹಾಡು ಎಗ್ರೀಜಿಯಸ್, ಎದ್ದು ಕಾಣುವಷ್ಟು ಕೆಟ್ಟದ್ದು. ಬಿ.ಕಾಂ. ಬಿಟ್ಟು ಹೊಲಿಗೆ, ಹೊಲಿಗೆ ಬಿಟ್ಟು ಬ್ಯೂಟಿ ಪಾರ್ಲರ್ ಹಿಡಿದಿದ್ದ ನಾನು ಆಂಬಿವಲೆಂಟ್, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಊಟಕ್ಕೆ ತಡವಾದರೆ "ಬಂದ್ಳಪ್ಪ ಆಂಬಿವಲೆಂಟು" ಎನ್ನುವಳು. ಸ್ವಂತ ತಾಯಿ. ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಅಮ್ಮ ಉಪ್ಪಿನ ಡಬ್ಬಿ ಎತ್ತಿದಳು. "ಇದ್ಯಾರು?"

ಡ್ರಕೋನಿಯನ್. ಅದರ ಪಕ್ಕ ಮಾತ್ರ ಕನ್ನಡದ ಅರ್ಥ ಇರಲಿಲ್ಲ, 'ಅ' ಎಂದಷ್ಟೇ ಬರೆದಿತ್ತು. ಅತ್ತೆಯ ಅ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಅದು... ಗಟ್ಟಿ ಮನಸ್ಸಿನವರು ಅಂತ ಅತ್ತೆ. ಧೈರ್ಯಸ್ಥರು."

"ನಾನು ತಾನೆ?" ಎಂದು ಅಮ್ಮ ಸೆರಗು ಸರಿಮಾಡಿಕೊಂಡಳು. ನಾನು ಹೊರಗೋಡಿ ಬಾಯಿಗೆ ದುಪಟ್ಟಾ ತುರುಕಿಕೊಂಡೆ.

ಆಮೇಲೆ ಕೇಳಬೇಕೆ. ತರಕಾರಿಯವನ ಹತ್ತಿರ "ನಾನು ಡ್ರಕೋನಿಯನ್, ನನ್ನ ಹತ್ರ ನಿನ್ನ ಆಟ ನಡೆಯೋದಿಲ್ಲ." ಅಪ್ಪನ ಅಕ್ಕನಿಗೆ ಫೋನಿನಲ್ಲಿ "ನನ್ನ ಸೊಸೆ ಬಾಯಲ್ಲೇ ಬಂದಿದ್ದು, ಡ್ರಕೋನಿಯನ್ ಅಂತೆ ನಾನು." ಅತ್ತಿಗೆಗೆ ಒಂದೊಂದು ಸಲವೂ ಜೀವ ಬಾಯಿಗೆ ಬರುತ್ತಿತ್ತು. ಕೆಲವು ದಿನ ಮೆರೆದು, ಕೆಳಗಿನ ಮನೆಯ ನಿವೃತ್ತ ಟೀಚರಮ್ಮನ ಹತ್ತಿರ ಚಹಾಕ್ಕೆ ಹೋಗಿಬಂದ ಮೇಲೆ ಅಮ್ಮ ಯಾಕೋ ಆ ಪದ ಬಿಟ್ಟುಬಿಟ್ಟಳು. ಬೇಜಾರಾಗಿರಬೇಕು ಎಂದುಕೊಂಡೆವು.

ಪರೀಕ್ಷೆಯ ಹಿಂದಿನ ದಿನ ಅತ್ತಿಗೆ ಹಾಲ್ ಟಿಕೆಟ್ ಪ್ರಿಂಟ್ ತರಲು ಹೋಗಿದ್ದಳು. ಅಮ್ಮನಿಗೆ ಗಾಬರಿಯಾದರೆ ಕೈ ಸುಮ್ಮನಿರುವುದಿಲ್ಲ. ನಾನು ಹುಟ್ಟುವ ದಿನವೂ ನೋವು ತಿನ್ನುತ್ತಲೇ ಅಟ್ಟ ಗುಡಿಸುತ್ತಿದ್ದಳಂತೆ. ಅವತ್ತೂ ಅದೇ ಆಯಿತು. ನಾನು ಪಾರ್ಲರಿನಿಂದ ಊಟಕ್ಕೆ ಬರುವಷ್ಟರಲ್ಲಿ ಇಡೀ ಕಪಾಟು ಖಾಲಿ ಮಾಡಿ, ಒರೆಸಿ, ಹೂವಿನ ಚಿತ್ರದ ಹೊಸ ಪ್ಲಾಸ್ಟಿಕ್ ಹಾಸಿದ್ದಳು. ಹಳೇ ಪೇಪರಿನವನು ಎಲ್ಲ ಕಟ್ಟಿಕೊಂಡು ಆಗಲೇ ಹೋಗಿದ್ದ. "ಸೊಸೆ ಆಫೀಸರಾಗೋ ಮನೆ, ನೀಟಾಗಿರಬೇಡ್ವಾ?" ಎಂದಳು ನನಗೆ.

ಅತ್ತಿಗೆ ಬಂದಳು. ಸಕ್ಕರೆ ಡಬ್ಬಿ ಎತ್ತಿದಳು, ಹೂವು. ಚಹಾಪುಡಿ ಡಬ್ಬಿ ಎತ್ತಿದಳು, ಹೂವು. ಹಾಲ್ ಟಿಕೆಟ್ಟನ್ನು ಒಲೆ ಪಕ್ಕ ಇಟ್ಟು ನೆಲಕ್ಕೆ ಕುಸಿದು ಕೂತಳು. "ಎಲ್ಲ ಹೋಯ್ತು. ಒಂದೂ ನೆನಪಾಗ್ತಿಲ್ಲ. ನನ್ನ ಹಣೇಲಿ ಮಾವನ ಪಕ್ಕದ ಸ್ಟೂಲೇ ಬರೆದಿದೆ" ಎಂದು ಅಳತೊಡಗಿದಳು. ಮೂರು ವರ್ಷ ನಮ್ಮ ಮನೆಯ ಎಲ್ಲರ ಮಾತು ನುಂಗಿಕೊಂಡು ನಿಂತೇ ಓದಿದವಳು ಹಾಗೆ ಅತ್ತದ್ದನ್ನು ನೋಡಿ ನನಗೂ ಅಳು ಬಂತು.

ಅಮ್ಮ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವಳ ಭಂಡಾರದಲ್ಲೇ ಇಲ್ಲ. ಪೊರಕೆ ಮೂಲೆಗಿಟ್ಟು, ಮಣೆ ಎಳೆದುಕೊಂಡು ಸೊಸೆಯ ಎದುರು ಕೂತಳು.

"ಮೂಗು ಒರೆಸ್ಕೊ. ಸಕ್ಕರೆ ಡಬ್ಬಿ ಕೆಳಗಿದ್ದಿದ್ದು ನಿನ್ನ ಗಂಡ. ಸ್ಟೇಟಸ್ ಕೋ. ಕೂರಿಸಿದ ಕಡೆ ಕೂರೋನು. ಚಹಾಪುಡಿ ಕೆಳಗೆ ನಿಮ್ಮ ಮಾವ, ಇನ್‌ಟ್ರಾನ್ಸಿಜೆಂಟ್. ಮುಂದೆ ನೀನು ಹೇಳು. ಬೇಳೆ ಡಬ್ಬಿ?"

"ರೆಟರಿಕ್..." ಎಂದಳು ಅತ್ತಿಗೆ, ಬಿಕ್ಕುತ್ತ. "ಬರೀ ಮಾತು. ನಿಮ್ಮ ತಮ್ಮ."

"ಹ್ಞಾ. ಅವನು ಕೊಡಿಸ್ತೀನಿ ಅಂದ ಮಿಕ್ಸಿ ಇನ್ನೂ ಬಂದಿಲ್ಲ. ಮುಂದೆ."

ಒಂದೊಂದು ಡಬ್ಬಿಗೆ ಒಬ್ಬೊಬ್ಬ ನೆಂಟ, ಒಬ್ಬೊಬ್ಬನಿಗೆ ಒಂದೊಂದು ಮಂಗಳಾರತಿ. ನೆಂಟರು ಮುಗಿದಾಗ ಬೀದಿಯವರು. ಮೇಲಿನ ಸಾಲು ಮುಗಿಯಿತು, ನಡುವಿನದು ಮುಗಿಯಿತು. ಅತ್ತಿಗೆ ಅಳು ನಿಲ್ಲಿಸಿ ಪಟಪಟನೆ ಹೇಳುತ್ತಿದ್ದಳು. ಉಳಿದದ್ದು ಒಲೆ ಪಕ್ಕದ ಉಪ್ಪಿನ ಡಬ್ಬಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅತ್ತಿಗೆ ತಲೆ ತಗ್ಗಿಸಿದಳು. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

"ಉಪ್ಪು?" ಎಂದಳು ಅಮ್ಮ.

"ಡ್ರಕೋನಿಯನ್" ಎಂದಳು ಅತ್ತಿಗೆ ಮೆಲ್ಲಗೆ. "ಗಟ್ಟಿ ಮನಸ್ಸು..."

"ಹಾಗಂತ ಅಲ್ಲಿ ಗುರುತು ಹಾಕಿ ಬಂದೀಯ, ಜೋಕೆ" ಎಂದಳು ಅಮ್ಮ. "ಅತಿ ಕ್ರೂರ. ದಯೆ ದಾಕ್ಷಿಣ್ಯ ಇಲ್ಲದ ಕಾನೂನು. ಟೀಚರಮ್ಮ ನಗೋದು ಮುಗಿಸಿ ಹೇಳಿದ್ರು, ಅವತ್ತೇ."

ಅತ್ತಿಗೆ ತಗ್ಗಿಸಿದ ತಲೆ ಎತ್ತಿದಳು. "ಗೊತ್ತಾದ ಮೇಲೂ ನೀವು ಯಾಕೆ ಬಯ್ಯಲಿಲ್ಲ ಅತ್ತೆ?"

"ಬಯ್ದಿದ್ರೆ ನೀನು ಡಬ್ಬಿ ಎತ್ತೋದು ಬಿಡ್ತಿದ್ದೆ. ಪರೀಕ್ಷೆ ಮುಗೀಲಿ, ಬಡ್ಡಿ ಸಮೇತ ಇದೆ ನಿನಗೆ." ಅಮ್ಮ ಎದ್ದು ಒಲೆ ಹಚ್ಚಿದಳು. ಹುಟ್ಟಿದಾಗಿನಿಂದ ನಾನು ನೋಡಿದ ಹಾಗೆ ಅವಳು ನುಂಗಿಕೊಂಡದ್ದು ಅದೊಂದೇ ಬಯ್ಗುಳ.

ಮರುದಿನ ಸಂಜೆ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಾನು ಬಂದಿದ್ನಾ?"

"ಬಂದಿದ್ರಿ ಅತ್ತೆ."

"ಎಷ್ಟು ಮಾರ್ಕಿಗೆ?"

"ಒಂದು."

"ನನಗೆ ಒಂದೇನಾ?" ಎಂದು ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು.

ಅತ್ತಿಗೆಗೆ ಈಗ ಮೇಜು ಇದೆ. ಡ್ರಾಯರಿನ ಬೀಗದ ಕೈ ಎರಡು ಕೊಟ್ಟರಂತೆ. ಒಂದು ಅವಳ ಚೀಲದಲ್ಲಿದೆ. ಇನ್ನೊಂದನ್ನು ಅವಳು ಯಾರಿಗೂ ಹೇಳದೆ ಉಪ್ಪಿನ ಡಬ್ಬಿ ಕೆಳಗೆ ಇಟ್ಟಿದ್ದಾಳೆ. ಅಮ್ಮ ದಿನಾ ಡಬ್ಬಿ ಎತ್ತಿ ನೋಡುತ್ತಾಳೆ, ಮತ್ತೆ ಇಡುತ್ತಾಳೆ.