ರಾಜಕುಮಾರನ ಕಣ್ರೆಪ್ಪೆ

ಪಾವ್‌ಲಿಯೆನ್ ವೇಷ ಕಟ್ಟಿ ನಿಂತರೆ ತೈನಾನ್ ಕಡೆಯ ಗುಡಿಗಳ ಮುಂದೆ ಮುದುಕಿಯರೂ ನಾಚಿ ಪಕ್ಕದವರನ್ನು ತಿವಿಯುತ್ತಿದ್ದರು. ಹುಟ್ಟಿದ್ದು ಹೆಣ್ಣು, ಆದರೆ ಅವಳ ನಾಟಕ ಮಂಡಳಿಯಲ್ಲಿ ರಾಜಕುಮಾರ ಎಂದರೆ ಅವಳೇ. ಅಂಥವಳ ಕಣ್ಣಿಗೇ ರೋಗ ಬರಬೇಕೆ! ರೆಪ್ಪೆಯಂಚು ಕೆಂಪಾಯಿತು, ಬೆಳಗ್ಗೆ ಎದ್ದರೆ ಅಂಟಿಕೊಳ್ಳತೊಡಗಿತು, ರೆಪ್ಪೆಗೂದಲು ಉದುರಿತು.

ಕಣ್ಣಿನ ಡಾಕ್ಟರು ಒಂದು ರೆಪ್ಪೆಗೂದಲು ಕಿತ್ತು, ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದರು. ಬುಡದಲ್ಲಿ ಹುಳಗಳು ಮಿಸುಕಾಡುತ್ತಿದ್ದವು.

“ಅಬ್ಬಬ್ಬಾ! ಬಾಡಿಗೆ ಕೊಡದೆ ಸಂಸಾರ ಹೂಡಿದಾವಲ್ಲ!” ಎಂದಳು.

“ನುಸಿ, ಅಮ್ಮ. ಎಲ್ಲರಿಗೂ ಒಂದಿಷ್ಟು ಇರ್ತವೆ, ನಿಮಗೆ ಮಿತಿಮೀರಿವೆ. ಟೀ ಟ್ರೀ ಎಣ್ಣೆಯ ಈ ಒದ್ದೆ ಹಾಳೆಯಿಂದ ಬೆಳಗ್ಗೆ, ರಾತ್ರಿ ರೆಪ್ಪೆ ಬುಡ ಒರೆಸಿ. ಕಣ್ಣಿನ ಹಳೇ ಬಣ್ಣ, ಕುಂಚ ಎಲ್ಲ ಬಿಸಾಕಿ. ಕಣ್ಣು ಮಾತ್ರ ಉಜ್ಜಬೇಡಿ.”

ಎಲ್ಲ ಬಿಸಾಕಿದಳು, ಒಂದನ್ನು ಬಿಟ್ಟು. ಅದು ತೀರಿಹೋದ ಗುರುವಿನ ಕುಂಚ. ಮಂಡಳಿಯಲ್ಲಿ ಯಾರು ಮೊದಲ ಸಲ ನಾಯಕನ ವೇಷ ಹಾಕಿದರೂ ಅದರಲ್ಲೇ ಕಣ್ಣು ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ರಂಗ ಹತ್ತುವಂತಿಲ್ಲ. ಅದನ್ನು ಬಿಸಾಕುವುದುಂಟೆ? ದಿನವೂ ತಾನೂ ಅದರಲ್ಲೇ ಬರೆದುಕೊಂಡಳು. ವಾಸಿಯಾಗುತ್ತ ಬಂದ ತುರಿಕೆ ಮತ್ತೆ ಹಾಜರ್!

ಶಿಷ್ಯೆ ಯಾಚಿಯ ಮೊದಲ ನಾಯಕನ ವೇಷದ ದಿನ. ಹುಡುಗಿ ಮುಖವೆತ್ತಿ, ಕಣ್ಣು ಮುಚ್ಚಿ ಕುಂಚಕ್ಕೆ ಕಾದು ಕೂತಿದ್ದಳು. ಪಾವ್‌ಲಿಯೆನ್ ಕುಂಚ ಎತ್ತಿಕೊಂಡು ಕನ್ನಡಿ ನೋಡಿದರೆ, ಹಿಂದೆ ನಿಂತ ಹಳೆಯ ಶಿಷ್ಯೆಯರೆಲ್ಲ ಕಣ್ಣು ಉಜ್ಜಿಕೊಳ್ಳುತ್ತಿದ್ದಾರೆ. ಎಲ್ಲರಿಗೂ ಬರೆದದ್ದು ಇವಳೇ, ಇದೇ ಕುಂಚದಲ್ಲಿ! ಕುಂಚವನ್ನು ಮಂಡಳಿಯ ದೇವರ ಮುಂದಿಟ್ಟು ಕೈಮುಗಿದಳು, ಸೋಪು ಹಚ್ಚಿ ಕೈ ತೊಳೆದಳು, ಹೊಸ ಕುಂಚ ಬಿಚ್ಚಿದಳು.

ಯಾಚಿ ಕಣ್ಣು ಬಿಟ್ಟವಳೇ ಬಿಳಿಚಿಕೊಂಡಳು. “ನಾನೇನ್ ತಪ್ಪು ಮಾಡ್ದೆ ಗುರುಗಳೇ? ಎಲ್ಲರಿಗೂ ಅದರಲ್ಲೇ ಬರೆದ್ರಿ. ನಾನು ಸ್ಟೇಜ್ ಹತ್ತಲ್ಲ.”

“ಬಾಯ್ಮುಚ್ಚೇ ಹುಚ್ಚಿ! ಇವರಿಗೆಲ್ಲ ತುರಿಕೆ ಹಂಚಿದ್ದು ಸಾಲ್ದಾ? ನಾಳೆಯಿಂದ ಎಲ್ಲರ ರೆಪ್ಪೆನೂ ನಾನೇ ಒರೆಸ್ತೀನಿ. ಗುರುಗಳು ಕಲಿಸಿದ್ದು ಈ ಕೈಗೆ, ಕುಂಚಕ್ಕಲ್ಲ. ಮುಖ ಎತ್ತು. ಅತ್ತರೆ ರಾಜಕುಮಾರ ಹೋಗಿ ದೆವ್ವ ಆಗ್ತೀಯ, ನೋಡು!”

ಯಾಚಿ ಮೂಗೆಳೆದುಕೊಂಡು ಮುಖ ಎತ್ತಿದಳು.

ಆ ಸಂಜೆ ಪಾವ್‌ಲಿಯೆನ್ ಬಣ್ಣವಿಲ್ಲದ ಮುಖದಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಮುದುಕಿಯರ ನಡುವೆ ಕೂತಳು. ಯಾಚಿ ಬಂದಳು, ನಿಂತಳು, ನಿಧಾನಕ್ಕೆ ಕಣ್ಣೆತ್ತಿದಳು. ಪಕ್ಕದ ಮುದುಕಿ ನಾಚಿ ಪಾವ್‌ಲಿಯೆನ್ನಳ ಪಕ್ಕೆಗೆ ತಿವಿದಳು.

ಇವಳ ಕಣ್ಣು ತುಂಬಿ ಬಂತು. ಮೇಲೆದ್ದ ಕೈಗಳನ್ನು ಎಳೆದು ತೊಡೆಯಡಿ ಇಟ್ಟುಕೊಂಡಳು. ಡಾಕ್ಟರು ಉಜ್ಜಬೇಡಿ ಎಂದಿದ್ದರಲ್ಲ, ಹರಿಯುವಷ್ಟು ಹರಿಯಲೆಂದು ಬಿಟ್ಟಳು.